ವಿಳಾಸ ಸಿಗಲಿಲ್ಲ ಎಂದು ಬರೆದ ಮನೆ

ನಾನು ಎರಡು ಸುಳ್ಳು ಹೇಳಿದ್ದೇನೆ. ಒಂದನ್ನು ಬರೆದೆ, ಇನ್ನೊಂದನ್ನು ಬಾಯಿಂದ ಆಡಿದೆ. ಬರೆದದ್ದು ರಾಣೆಬೆನ್ನೂರಿನ ಒಬ್ಬ ಸಾಹುಕಾರರ ಮನೆಯ ಬಗ್ಗೆ — ‘ವಿಳಾಸ ಸಿಗಲಿಲ್ಲ’ ಎಂದು. ಆ ಮನೆಯ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು ಬಂದ ದಿನವೇ ಹಾಗೆ ಬರೆದೆ. ಆಡಿದ್ದು ಮೇಡ್ಲೇರಿಯ ಒಂದು ಓಣಿಯಲ್ಲಿ, ಹತ್ತಾರು ಜನರ ಎದುರಿಗೆ. ಕೇಳುವುದಕ್ಕೆ ಅದು ಸುಳ್ಳಿನಂತೆ ಇರಲಿಲ್ಲ. ಅದಕ್ಕೇ ಇಷ್ಟು ವರ್ಷ ಬಾಳಿತು. ಈ ಎರಡರ ನಡುವೆ ಸಿಕ್ಕಿಬಿದ್ದವಳು ಶಾಂತವ್ವ ಎಂಬ ಹೆಂಗಸು. ಆಕೆಗೆ ಕ್ಷಯ ಬಂದು, ಪೂರ್ತಿ ವಾಸಿಯಾಗಿ, ಏಳು ವರ್ಷ ಕಳೆಯಿತು. ಇವತ್ತಿಗೂ ಆಕೆ ತನ್ನ ತಮ್ಮನ ಮನೆಯಲ್ಲಿ ಬೇರೆ ತಾಟಿನಲ್ಲಿ ಉಣ್ಣುತ್ತಾಳೆ.

ನಾನು ಡಾಕ್ಟರನಲ್ಲ. ಕ್ಷಯರೋಗ ವಿಭಾಗದಲ್ಲಿ ಊರೂರು ತಿರುಗುವ ಆರೋಗ್ಯ ಕಾರ್ಯಕರ್ತ. ಹಳ್ಳಿಯವರು ‘ಗುಳಿಗಿ ಸರ’ ಎನ್ನುತ್ತಾರೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಯಾರಿಗಾದರೂ ಕ್ಷಯ ಎಂದು ಗೊತ್ತಾದರೆ ಅವರ ಮನೆಗೆ ಹೋಗಬೇಕು, ಅವರ ಜೊತೆ ಇರುವವರನ್ನೆಲ್ಲ — ಮಲಗುವವರು, ಉಣ್ಣುವವರು, ಕೆಲಸಕ್ಕೆ ಬರುವವರು, ಎಲ್ಲರನ್ನೂ — ತಪಾಸಣೆಗೆ ಕಳಿಸಬೇಕು, ಗುಳಿಗೆ ತಪ್ಪದಂತೆ ನೋಡಿಕೊಳ್ಳಬೇಕು. ಮತ್ತೆ ಒಂದು ಫಾರ್ಮು ತುಂಬಬೇಕು. ಹೆಸರು, ವಯಸ್ಸು, ಓದು, ಉದ್ಯೋಗ, ಚಟ, ಮನೆಯಲ್ಲಿ ಎಷ್ಟು ಜನ, ಗಾಳಿ ಬೆಳಕು ಹೇಗಿದೆ, ರೋಗ ಯಾರಿಂದ ತಗುಲಿರಬಹುದು.

ಆ ಫಾರ್ಮನ್ನು ನಾನು ಹೇಗೆ ತುಂಬುತ್ತಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಚಪ್ಪಲಿ ನೋಡಿ ತುಂಬುತ್ತಿದ್ದೆ. ರೋಗಿ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಬೆಂಚಿನ ಮೇಲೆ ಕೂರುವಷ್ಟರಲ್ಲಿ ನನ್ನ ಅರ್ಧ ಫಾರ್ಮು ಮುಗಿದಿರುತ್ತಿತ್ತು. ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ — ಉದ್ಯೋಗ: ಕೂಲಿ. ಓದು: ಇಲ್ಲ. ಗಂಡಸಾದರೆ ಚಟ: ಬೀಡಿ, ಕುಡಿತ. ಮನೆ: ಗಾಳಿ ಬೆಳಕಿಲ್ಲ. ಕೇಳುವುದೇನಿದೆ? ಬ್ಯಾಡಗಿಯಲ್ಲಿ ಎರಡು ವರ್ಷ ಇದ್ದಾಗ, ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಘಾಟಿನಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೆಮ್ಮುತ್ತ ಬಂದ ಹೆಂಗಸರ ಮುಂದೆಲ್ಲ ‘ಗೃಹಿಣಿ’ ಎಂದು ಬರೆದಿದ್ದೇನೆ. ಹೆಂಗಸು ಅಲ್ಲವೇ — ಗೃಹಿಣಿ. ಒಬ್ಬಾಕೆ ಮಾತ್ರ ಬಗ್ಗಿ ನೋಡಿ, “ಏನ್ ಬರದ್ರಿ ಸರ?” ಎಂದು ಕೇಳಿದ್ದಳು. “ಬರದೀನಿ ಬರದೀನಿ, ನೀ ಗುಳಿಗಿ ತಗೋ” ಎಂದೆ.

ಇಪ್ಪತ್ತಾರು ವರ್ಷ ಇದೇ ನನ್ನ ಕೆಲಸದ ರೀತಿ. ಚುರುಕಾದ ನೌಕರ ಎಂದು ಮೇಲಿನವರು ಹೊಗಳಿದ್ದಾರೆ. ಯಾಕೆ ಹೊಗಳುವುದಿಲ್ಲ?

ಎಂಟು ವರ್ಷದ ಹಿಂದೆ ಹುಬ್ಬಳ್ಳಿಯ ಒಬ್ಬ ಖಾಸಗಿ ವೈದ್ಯರಿಂದ ನಮ್ಮ ಕಚೇರಿಗೆ ಒಂದು ಹೆಸರು ಬಂತು. ರಾಣೆಬೆನ್ನೂರಿನವರು, ವಯಸ್ಸಾದ ಹೆಣ್ಣುಮಗಳು, ಕಫದಲ್ಲಿ ರೋಗ ಇದೆ. ವಿಳಾಸ ಓದುತ್ತಲೇ ಮನೆ ಕಣ್ಣ ಮುಂದೆ ಬಂತು. ಬೀಜದ ವ್ಯಾಪಾರ ಮಾಡುವ ದೊಡ್ಡ ಮನೆ. ಊರಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮುದುಕಿ ಆ ಸಾಹುಕಾರರ ತಾಯಿ.

ಕಚೇರಿಯ ಜೀಪಿನಲ್ಲಿ ಹೋಗಬೇಕಾದವನು ನನ್ನ ಸ್ವಂತ ಮೋಟಾರ್ ಸೈಕಲ್ಲಿನಲ್ಲಿ ಹೋದೆ. ಯಾರೂ ಹೇಳಿರಲಿಲ್ಲ. ದೊಡ್ಡವರ ಮನೆ ಮುಂದೆ ಆ ಜೀಪು ನಿಲ್ಲಿಸಬಾರದು ಎಂದು ನನಗೇ ಹೊಳೆಯಿತು. ಹಿತ್ತಲ ಬಾಗಿಲಿಗೆ ಹೋದೆ — ಅದೂ ನನಗೇ ಹೊಳೆದದ್ದು. ಸಾಹುಕಾರರು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು, ತಾವು ನಿಂತೇ ಇದ್ದರು.

“ಕುಂದರ್ರಿ ಸಾಹೇಬ್ರ. ನಮ್ಮ ಮನ್ಯಾಗ ಇಂಥಾ ಬ್ಯಾನಿ ಏಳ ತಲಿಯಾಗ ಯಾರಿಗೂ ಬಂದಿಲ್ರಿ. ಮಗಳ ಲಗ್ನ ಗೊತ್ತಾಗೇತಿ, ಬ್ಯಾಡಗಿ ಕಡೆ ಬೀಗರು. ಈ ಸುದ್ದಿ ಅವರ ಕಿವಿಗೆ ಬಿತ್ತಂದ್ರ ಮುಗೀತು. ಔಷಧ ನಾವು ಹುಬ್ಬಳ್ಳಿಯಿಂದ ತಂದು ಕೊಡಾಕತ್ತೇವಿ. ನೀವು ಇಲ್ಲಿಗೆ ಬಂದೇ ಇಲ್ಲಂತ ತಿಳಕೊಳ್ರಿ.”

ನಾನು ಕೇಳಬೇಕಾಗಿದ್ದದ್ದು ಒಂದೇ ಮಾತು — ಅವ್ವನವರ ಜೊತೆ ಯಾರು ಇರುತ್ತಾರೆ? ಕೇಳುವ ಅಗತ್ಯವೂ ಇರಲಿಲ್ಲ. ಆಕೆ ನನ್ನ ಎದುರಿಗೇ ಬಂದಳು. ಚಹಾ ತಂದವಳು ಶಾಂತವ್ವ. ನಲವತ್ತರ ಆಸುಪಾಸು, ಗಂಡ ಬಿಟ್ಟುಹೋದವಳು, ಮಕ್ಕಳಿಲ್ಲ. ಮೇಡ್ಲೇರಿಯ ತಮ್ಮನ ಮನೆಯಿಂದ ಬಂದು ಈ ಮನೆಯಲ್ಲೇ ಇದ್ದು ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳು. ಮುದುಕಿ ಮಂಚದ ಮೇಲೆ, ಈಕೆ ಮಂಚದ ಪಕ್ಕ ನೆಲದ ಮೇಲೆ. ಆ ಕೋಣೆಯ ಬಾಗಿಲು ಅರೆ ತೆರೆದಿತ್ತು. ಕಿಟಕಿ ಮುಚ್ಚಿತ್ತು. ಕೆಮ್ಮು ನೆರೆಯವರಿಗೆ ಕೇಳಬಾರದೆಂದು ಮುಚ್ಚಿದ್ದರು — ಬೀಗರ ಕಡೆಯವರು ಬಂದಾಗ ಬಾಗಿಲನ್ನೂ ಮುಚ್ಚುತ್ತಿದ್ದರಂತೆ, ಶಾಂತವ್ವನನ್ನು ಒಳಗೇ ಇರಿಸಿ. ಅಷ್ಟು ದೊಡ್ಡ ಮನೆಯಲ್ಲಿ ಗಾಳಿ ಬೆಳಕಿಲ್ಲದ ಕೋಣೆ ಒಂದಿತ್ತು, ನಾನು ಅದನ್ನು ಕಣ್ಣಾರೆ ನೋಡಿದೆ, ನನ್ನ ಫಾರ್ಮಿನಲ್ಲಿ ಅದಕ್ಕೆ ಒಂದು ಕಾಲಮ್ಮೂ ಇತ್ತು.

ಚಹಾ ಕುಡಿದೆ. ಚೆನ್ನಾಗಿತ್ತು, ಏಲಕ್ಕಿ ಹಾಕಿದ್ದರು. ಕಚೇರಿಗೆ ಬಂದು ಬರೆದೆ: ವಿಳಾಸ ಸಿಗಲಿಲ್ಲ.

ಅವರು ನನಗೆ ಒಂದು ಪೈಸೆಯನ್ನೂ ಕೊಡಲಿಲ್ಲ, ಇದನ್ನು ನಂಬಿ. ಕೊಟ್ಟಿದ್ದರೆ ನನಗೆ ಒಂದು ಹೆಸರಾದರೂ ಇರುತ್ತಿತ್ತು, ಲಂಚಕೋರ ಎಂದು. ನಾನು ಒಂದು ಕುರ್ಚಿಗೆ, ಒಂದು ಕಪ್ ಚಹಾಕ್ಕೆ, ‘ಸಾಹೇಬ್ರ’ ಎಂಬ ಒಂದು ಮಾತಿಗೆ ಬಾಗಿದವನು. ಮದುವೆಗೆ ಕರೆದರು, ಹೋಗಿ ಮೊದಲ ಪಂಕ್ತಿಯಲ್ಲಿ ಉಂಡು ಬಂದೆ. ಶಾಂತವ್ವ ಅಲ್ಲಿ ಎಲೆ ಎತ್ತುತ್ತಿದ್ದಳು. ಆಗಲೇ ಆಕೆ ಕೆಮ್ಮುತ್ತಿದ್ದಳೇ? — ಎಷ್ಟು ನೆನಪಿಸಿಕೊಂಡರೂ ಗೊತ್ತಾಗುವುದಿಲ್ಲ. ನಾನು ಆಕೆಯ ಕಡೆ ನೋಡಿದ್ದರೆ ತಾನೇ ಗೊತ್ತಾಗುವುದು.

ಮುದುಕಿಯ ಹೆಸರು ಬಂದ ಎಂಟು ತಿಂಗಳಿಗೆ ಶಾಂತವ್ವ ನಮ್ಮ ಕಚೇರಿಯ ಬೆಂಚಿನ ಮೇಲೆ ಬಂದು ಕುಳಿತಳು. ಮೂರು ತಿಂಗಳಿಂದ ಕೆಮ್ಮು, ಔಷಧಿ ಅಂಗಡಿಯ ಸಿರಪ್ಪು ಕುಡಿದು ಕುಡಿದು ಸಾಕಾಗಿ ಬಂದಿದ್ದಳು. ಕಫ ಪರೀಕ್ಷೆಯಲ್ಲಿ ರೋಗ ಇತ್ತು. ನನಗೆ ಆಕೆ ಯಾರೆಂದು ಗೊತ್ತು. ಯಾವ ಕೋಣೆಯ ನೆಲದ ಮೇಲೆ ಮಲಗುತ್ತಿದ್ದಳೆಂದು ಗೊತ್ತು. ನಾನು ಬಾಗಿಲಲ್ಲಿದ್ದ ಚಪ್ಪಲಿ ನೋಡಿದೆ. ಉದ್ಯೋಗ: ಕೂಲಿ. ಓದು: ಇಲ್ಲ. ಮನೆ: ಗಾಳಿ ಬೆಳಕಿಲ್ಲ. ರೋಗ ಯಾರಿಂದ ತಗುಲಿರಬಹುದು: ತಿಳಿದಿಲ್ಲ.

ಆಕೆ ಏನೋ ಹೇಳುವುದಕ್ಕೆ ಬಾಯಿ ತೆರೆದಳು. “ಸರ, ನಾ ಇದ್ದ ಮನ್ಯಾಗ ದೊಡ್ಡವ್ವಾರಿಗೆ…” ಅಷ್ಟಕ್ಕೇ ನಾನು ಕೈ ಎತ್ತಿದೆ. “ಅದೆಲ್ಲಾ ಬ್ಯಾಡವ್ವ. ನಿನ್ನ ಊರು ಯಾವ್ದು ಅದನ್ನ ಹೇಳು.” ಊರು ಮೇಡ್ಲೇರಿ ಎಂದಳು. ಆಕೆ ಇದ್ದ ಮನೆಯನ್ನು ನಾನು ಕೇಳಲಿಲ್ಲ, ಊರು ಕೇಳಿದೆ.

ಮೇಡ್ಲೇರಿಗೆ ಜೀಪು ತೆಗೆದುಕೊಂಡು ಹೋದೆ! ನಮ್ಮ ವಿಭಾಗದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ ಜೀಪು. ಅದೂ ಸೋಮವಾರ. ಆ ಕಡೆ ಸೋಮವಾರ ಎತ್ತಿನ ಕುತ್ತಿಗೆಗೆ ನೊಗ ಇಡುವುದಿಲ್ಲ, ಹೊಲದ ಕೆಲಸ ಇಲ್ಲ, ಓಣಿ ತುಂಬ ಜನ. ಶಾಂತವ್ವನ ತಮ್ಮ ಫಕ್ಕೀರಪ್ಪನ ಮನೆಯ ಮುಂದೆ ಜೀಪು ನಿಲ್ಲಿಸಿ, ಆತನನ್ನು, ಆತನ ಹೆಂಡತಿ ನೀಲವ್ವನನ್ನು, ಮಕ್ಕಳನ್ನು ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಕಫದ ಡಬ್ಬಿ ಹಂಚಿದೆ. ಮನೆಯ ಹಿಂದೆ ಹೊಳೆಯ ಕಡೆಯಿಂದ ಗಾಳಿ ಧಾರಾಳವಾಗಿ ಬೀಸುತ್ತಿತ್ತು. ಫಾರ್ಮನ್ನು ತಿದ್ದಲಿಲ್ಲ. ಅವರಾರಿಗೂ ರೋಗ ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ — ಶಾಂತವ್ವ ತಮ್ಮನ ಮನೆಯಲ್ಲಿ ಮಲಗದೆ ವರ್ಷವೇ ಕಳೆದಿತ್ತು.

ರೋಗಿಯ ಗುಟ್ಟು ಕಾಪಾಡಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳುತ್ತಾರೆ. ಒಳ್ಳೆಯ ನಿಯಮ, ಬೇಕಾದ ನಿಯಮ. ನಾನು ಅದನ್ನು ಪಾಲಿಸಿದ್ದೇನೆ — ಹಿತ್ತಲ ಬಾಗಿಲು ಇರುವ ಮನೆಗಳಲ್ಲಿ.

ಶಾಂತವ್ವನ ಸುದ್ದಿ ಹೊರಬಿದ್ದದ್ದು ಸಾಹುಕಾರರಿಗೆ ಹಬ್ಬವಾಯಿತು. ಕಟುವಾಗಿ ಬರೆಯುತ್ತಿದ್ದೇನೆ, ಬರೆಯುತ್ತೇನೆ. ಅವರ ತಾಯಿಯ ಕೆಮ್ಮಿನ ಬಗ್ಗೆ ಪೇಟೆಯಲ್ಲಿ ಗುಸುಗುಸು ಆಗಲೇ ಇತ್ತು. ಈಗ ಅದಕ್ಕೊಂದು ಕಾರಣ ಸಿಕ್ಕಿತು. ಬಚ್ಚಿಟ್ಟುಕೊಂಡಿದ್ದನ್ನು ತಾವೇ ಎತ್ತಿ ಹೇಳತೊಡಗಿದರು: “ಕೆಲಸಕ್ಕ ಬಂದಾಕಿ ನಮ್ಮವ್ವಗ ಬ್ಯಾನಿ ಹಚ್ಚಿ ಹ್ವಾದ್ಲು.” ಆಕೆಯನ್ನು ಮನೆಯಿಂದ ಹೊರಗೆ ಹಾಕಿದರು. ಹಾಸಿಗೆಯನ್ನು ಬೀದಿಯಲ್ಲೇ ಸುಟ್ಟರು, ಎಲ್ಲರೂ ನೋಡಲಿ ಎಂದು. ಊರು ನಂಬಿತು. ನಂಬದೆ ಇರುತ್ತದೆಯೇ — ಕ್ಷಯ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಮೇಲಿನಿಂದ ಕೆಳಗೆ ಇಳಿಯುವುದಿಲ್ಲ ಎಂದೇ ಎಲ್ಲರೂ ತಿಳಿದಿರುವಾಗ?

ಮುದುಕಿಗೆ ರೋಗ ಎಂಟು ತಿಂಗಳು ಮೊದಲೇ ಇತ್ತು ಎಂಬುದಕ್ಕೆ ಊರಲ್ಲಿ ಇದ್ದದ್ದು ಒಂದೇ ಸಾಕ್ಷಿ. ನಮ್ಮ ಕಚೇರಿಗೆ ಬಂದಿದ್ದ ಆ ಹೆಸರು. ಅದರ ಮುಂದೆ ನನ್ನ ಕೈಬರಹ.

ಫಕ್ಕೀರಪ್ಪ ಇದನ್ನು ನೇರವಾಗಿ ನನ್ನ ಹತ್ತಿರ ಕೇಳಿದ. ಎರಡನೇ ಸಲ ಗುಳಿಗೆಗೆಂದು ಮೇಡ್ಲೇರಿಗೆ ಹೋದಾಗ, ಅದೇ ಓಣಿಯಲ್ಲಿ, ಜೀಪಿನ ಬಾಗಿಲು ಹಿಡಿದು ನಿಂತ. ಸುತ್ತ ಜನ. ಕಟ್ಟೆಯ ಮೇಲೆ ಶಾಂತವ್ವ, ಬಾಗಿಲಲ್ಲಿ ನೀಲವ್ವ.

“ಸರ, ನೀವು ಕಲಿತವರದೀರಿ. ನೀವ ಹೇಳ್ರಿ. ನಮ್ಮಕ್ಕ ಆ ಮನಿಗೆ ಬ್ಯಾನಿ ಒಯ್ದಾಳೋ, ಆ ಮನ್ಯಾಗಿಂದ ತಂದಾಳೋ? ನೀವು ಹೇಳಿದ್ರ ಮಂದಿ ಕೇಳ್ತೈತಿ.”

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಶಾಂತವ್ವ ಮಾತ್ರ ನೆಲ ನೋಡುತ್ತಿದ್ದಳು. ನಾನು ಹೇಳಿದೆ:

“ಅದನ್ನ ಹೇಳಾಕ ಬರೂದಿಲ್ಲಪ್ಪ.”

ಇಷ್ಟೇ. ಗಾಳಿಯಿಂದ ಹರಡುವ ರೋಗ ಯಾರಿಂದ ಯಾರಿಗೆ ಬಂತೆಂದು ಖಚಿತವಾಗಿ ಹೇಳಲಾಗದು — ಪುಸ್ತಕದಲ್ಲಿ ಹಾಗೇ ಇದೆ. ಎಷ್ಟೋ ಸಲ ನಿಜವೂ ಹೌದು. ಆ ನಿಜದ ಹಿಂದೆ ಅಡಗಿಕೊಂಡು ನಾನು ಹೇಳಿದ ಸುಳ್ಳು ಅದು. ನನಗೆ ಮುದುಕಿಯ ಹೆಸರು ಬಂದ ತಿಂಗಳು ಗೊತ್ತಿತ್ತು, ಕೋಣೆ ಗೊತ್ತಿತ್ತು, ಮುಚ್ಚಿದ ಕಿಟಕಿ ಗೊತ್ತಿತ್ತು. ಜೀಪು ಹತ್ತಿ ಹೊರಟಾಗ ಕನ್ನಡಿಯಲ್ಲಿ ನೀಲವ್ವ ಒಳಗೆ ಹೋಗುವುದು ಕಾಣಿಸಿತು. ಬೇರೆ ತಾಟು ಅವತ್ತೇ ಬಂತಂತೆ. ಅಲ್ಯೂಮಿನಿಯಂ ತಾಟು, ಒಂದು ಲೋಟ. ತೊಳೆದು ಹಿತ್ತಲ ಗೋಡೆಗೆ ಆನಿಸಿ ಇಡುತ್ತಾರೆ, ಅಡುಗೆಮನೆಗೆ ತರುವುದಿಲ್ಲ.

ಶಾಂತವ್ವ ಆರು ತಿಂಗಳು ಒಂದು ಗುಳಿಗೆಯನ್ನೂ ತಪ್ಪಿಸದೆ ನುಂಗಿದಳು. ವಾಸಿಯಾದಳು. ಮುದುಕಿಯೂ ವಾಸಿಯಾಗಿ, ಹಲವು ವರ್ಷ ಬದುಕಿ, ವಯಸ್ಸಾಗಿ ತೀರಿಕೊಂಡರು. ಆ ಮನೆಯ ಮಕ್ಕಳನ್ನು, ಮದುವೆಯಾಗಿ ಬ್ಯಾಡಗಿಗೆ ಹೋದ ಮಗಳನ್ನು ಯಾರೂ ತಪಾಸಣೆ ಮಾಡಲಿಲ್ಲ. ವಿಳಾಸವೇ ಸಿಕ್ಕಿರಲಿಲ್ಲವಲ್ಲ.

ಇದನ್ನೆಲ್ಲ ನಾನು ಮರೆತಿದ್ದೆ ಎಂದರೆ ಮೂರನೇ ಸುಳ್ಳಾಗುತ್ತದೆ. ಮರೆತಿರಲಿಲ್ಲ, ಬದಿಗೆ ಇಟ್ಟಿದ್ದೆ. ಕಳೆದ ತಿಂಗಳು ಹಾವೇರಿಯಲ್ಲಿ ಒಂದು ಸಭೆ ಆಯಿತು. ನಮ್ಮ ಜಿಲ್ಲೆಯ ಕ್ಷಯರೋಗಿಗಳ ಸಾಮಾಜಿಕ ಹಿನ್ನೆಲೆ ಎಂದು ಒಬ್ಬ ಎಳೆಯ ವೈದ್ಯೆ ಪರದೆಯ ಮೇಲೆ ಪಟ್ಟಿ ತೋರಿಸಿದಳು. ಶ್ರದ್ಧೆಯ ಹುಡುಗಿ, ವರ್ಷಗಟ್ಟಲೆ ನಮ್ಮ ಹಳೆಯ ಫಾರ್ಮುಗಳನ್ನು ಕುಳಿತು ಓದಿದ್ದಾಳೆ. ಕೂಲಿ ಎಂಬ ಕಡೆ ಪಟ್ಟಿ ತುಂಬಿ ತುಳುಕುತ್ತಿತ್ತು. ಗೃಹಿಣಿ ಎಂಬ ಕಡೆಯೂ ಅಷ್ಟೇ. ವ್ಯಾಪಾರಸ್ಥರು, ಸ್ವಂತ ಅಂಗಡಿ ಇರುವವರು ಎಂಬ ಕಡೆ ಹೆಚ್ಚುಕಡಿಮೆ ಖಾಲಿ. “ನೋಡಿ, ಈ ರೋಗ ಯಾರದ್ದು ಎಂದು ಸ್ಪಷ್ಟವಾಗಿ ಕಾಣುತ್ತದೆ” ಎಂದಳು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಬಡವರಿಗೆ ಕ್ಷಯ ಹೆಚ್ಚು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅರೆಹೊಟ್ಟೆ, ಒಂದೇ ಕೋಣೆಯಲ್ಲಿ ಎಂಟು ಜನ, ಕೆಮ್ಮಿದರೂ ಬಿಡದ ಕೆಲಸ — ಇವನ್ನು ನಾನು ಮನೆ ಮನೆಯಲ್ಲಿ ನೋಡಿದ್ದೇನೆ. ಆದರೆ ಆ ಪರದೆಯ ಮೇಲಿದ್ದದ್ದು ಬರೀ ಅದಲ್ಲ. ಅರ್ಧ ನನ್ನ ಪೆನ್ನು! ಕೇಳದೆ ಬರೆದ ಕೂಲಿ, ಕೇಳದೆ ಬರೆದ ಕುಡಿತ, ತೊಟ್ಟು ಬಿಡಿಸುವ ಕೈಗಳ ಮೇಲೆ ಬರೆದ ಗೃಹಿಣಿ. ಆ ಖಾಲಿ ಜಾಗ ಖಾಲಿ ಇದ್ದದ್ದು ಅವರಿಗೆ ರೋಗ ಬರಲಿಲ್ಲವೆಂದಲ್ಲ, ನಾನು ಹಿತ್ತಲ ಬಾಗಿಲಿಂದ ಹೊರಗೆ ಬಂದೆನೆಂದು. ನನ್ನಂಥವರು ಎಷ್ಟು ಜನ ಆ ಸಭೆಯಲ್ಲಿ ತಲೆಯಾಡಿಸುತ್ತಿದ್ದರೋ, ಅವರವರಿಗೇ ಗೊತ್ತು. ಈ ಪಟ್ಟಿಯನ್ನು ನೋಡಿ ನಾಳೆ ಇನ್ನೊಬ್ಬ ಗುಳಿಗಿ ಸರ ಬಾಗಿಲಲ್ಲಿರುವ ಚಪ್ಪಲಿ ನೋಡುತ್ತಾನೆ. ಊಟದ ವೇಳೆಗೆ ನನಗೆ ಶಾಲು ಹೊದಿಸಿದರು. ದೀರ್ಘ ಸೇವೆಗೆ.

ಆ ಶಾಲನ್ನು ಮನೆಗೂ ಒಯ್ಯಲಾಗಲಿಲ್ಲ, ಕಚೇರಿಯ ಕಪಾಟಿನಲ್ಲಿ ಬಿಟ್ಟೆ. ಮೊನ್ನೆ ಬುಧವಾರ ಮೇಡ್ಲೇರಿಗೆ ಹೋದೆ. ಶಾಂತವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಕೂದಲು ಹಣ್ಣಾಗಿದೆ. ಗುರುತು ಹಿಡಿದಳು, ಜಾಗ ಮಾಡಿಕೊಟ್ಟಳು. ನಾನು ಹೇಳಬೇಕೆಂದುಕೊಂಡು ಹೋದದ್ದನ್ನೆಲ್ಲ ಹೇಳಿದೆ. ಹುಬ್ಬಳ್ಳಿಯಿಂದ ಬಂದ ಹೆಸರು, ಚಹಾ, ನಾನು ಬರೆದದ್ದು, ನಾನು ಎತ್ತಿದ ಕೈ. ಆಕೆ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ನನಗ ಗೊತ್ತಿತ್ತಲ್ರಿ ಸರ,” ಎಂದಳು. “ಅವ್ವಾರು ಉಗುಳಿದ ರಕ್ತದ ಮ್ಯಾಲೆ ಬೂದಿ ಹಾಕಿ ತಗದಾಕಿ ನಾನು. ನನಗ ಗೊತ್ತಿರೂದಿಲ್ಲೇನು? ಎಲ್ಲಾರ ಮುಂದೂ ಹೇಳಿದ್ನಿ. ಯಾರೂ ಖರೇ ಅನ್ಲಿಲ್ಲ. ನೀವು ಅಂತೀರಿ ಅಂತ ತಿಳಕೊಂಡಿದ್ನಿ.”

ಕ್ಷಮಿಸು ಎನ್ನುವುದಕ್ಕೂ ಒಂದು ಮುಖ ಬೇಕು. ಆಕೆಯೇ ಹೇಳಿದಳು: “ನನ್ನ ಮುಂದ ಹೇಳಿ ಏನ್ ಮಾಡ್ತೀರಿ. ಒಳಗ ನೀಲವ್ವ ಅದಾಳ. ಆಕಿಗೆ ಹೇಳ್ರಿ.”

ನೀಲವ್ವ ಬಾಗಿಲಿಗೆ ಬಂದಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ನೋಡಿದಳು, ಆಮೇಲೆ ನನ್ನ ಹಿಂದೆ, ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ನನ್ನ ಮೋಟಾರ್ ಸೈಕಲ್ಲನ್ನು ನೋಡಿದಳು.

“ಅವತ್ತ ಜೀಪ್ ತಂದು ಬಾಗಲ ಮುಂದ ನಿಂದ್ರಿಸಿದ್ರಿ. ಊರ ಮಂದಿ ಎಲ್ಲಾ ಕೂಡಿತ್ತು. ನಮ್ಮ ಮಕ್ಕಳನ್ನ ಸಾಲ್ಯಾಗ ಬ್ಯಾರೆ ಕುಂದ್ರಿಸಿದ್ರು ಗೊತ್ತೇನ್ರಿ ನಿಮಗ? ಇವತ್ತ ಖರೇ ಹೇಳಾಕ ಒಬ್ಬರ ಬಂದೀರಿ, ಓಣ್ಯಾಗ ಯಾರೂ ಇಲ್ಲದ ಹೊತ್ತಿನ್ಯಾಗ. ನಾ ಒಬ್ಬಾಕಿ ನಂಬಿದ್ರ ಆತೇನು? ನಾ ತಾಟ ಒಳಗ ತಗೊಂಡ್ರ, ನಾಳೆ ನಮ್ಮ ಮನ್ಯಾಗ ನೀರು ಕುಡಿಯೋರು ಯಾರು?”

ಓಣಿ ಖಾಲಿ ಇತ್ತು. ಬುಧವಾರ, ಎಲ್ಲರೂ ಹೊಲಕ್ಕೆ ಹೋಗಿದ್ದರು. ನಾನು ಯಾಕೆ ಬುಧವಾರ ಆರಿಸಿಕೊಂಡೆ, ಯಾಕೆ ಮೋಟಾರ್ ಸೈಕಲ್ಲು — ಯಾರೂ ಹೇಳಿರಲಿಲ್ಲ. ಈ ಸಲವೂ ನನಗೇ ಹೊಳೆದದ್ದು. ತಪ್ಪೊಪ್ಪಿಕೊಳ್ಳುವುದಕ್ಕೂ ನಾನು ಹಿತ್ತಲ ಬಾಗಿಲನ್ನೇ ಹುಡುಕಿದ್ದೆ.

ನಿನ್ನೆ ಕಚೇರಿಯಲ್ಲಿ ಬರೆದು ಕೊಟ್ಟೆ: ವಿಳಾಸ ಸಿಕ್ಕಿತ್ತು, ನಾನು ಆ ಮನೆಗೆ ಹೋಗಿದ್ದೆ, ಸುಳ್ಳು ಬರೆದವನು ನಾನು, ಆ ಮನೆಯವರನ್ನು ಈಗಲಾದರೂ ತಪಾಸಣೆ ಮಾಡಬೇಕು. ಸೋಮವಾರಕ್ಕೆ ಮೇಡ್ಲೇರಿಗೆ ಜೀಪು ಬೇಕೆಂದೂ ಬರೆದೆ. ಅಧಿಕಾರಿ ಓದಿ ಕಾಗದವನ್ನು ಮಡಚಿ ನನ್ನ ಕಡೆಗೇ ಸರಿಸಿದರು. ಮುಗಿದ ಕೇಸು, ನಿವೃತ್ತಿಯ ಹೊತ್ತಿನಲ್ಲಿ ಪಿಂಚಣಿಗೆ ಯಾಕೆ ಕಲ್ಲು ಹಾಕಿಕೊಳ್ಳುತ್ತೀರಿ ಎಂದರು. ನಾನು ಕಾಗದವನ್ನು ಬಿಡಿಸಿ ಮತ್ತೆ ಅವರ ಮೇಜಿನ ಮೇಲೆ ಇಟ್ಟು ಬಂದೆ. ಜೀಪು ಸಿಗುವುದಿಲ್ಲ. ಬಸ್ಸಿನಲ್ಲಿ ಹೋಗುತ್ತೇನೆ, ಸೋಮವಾರ ಬೆಳಿಗ್ಗೆ, ಎತ್ತು ಹೂಡದ ದಿನ. ಅವತ್ತು ನಿಂತ ಜಾಗದಲ್ಲೇ ನಿಂತು, ಫಕ್ಕೀರಪ್ಪ ಅವತ್ತು ಕೇಳಿದ ಪ್ರಶ್ನೆಗೆ ಓಣಿಗೆಲ್ಲ ಕೇಳುವ ಹಾಗೆ ಉತ್ತರ ಹೇಳುತ್ತೇನೆ. ನಂಬುತ್ತಾರೋ ಇಲ್ಲವೋ. ನನ್ನ ಮಾತಿಗೆ ಈಗ ಬೆಲೆ ಉಳಿದಿದೆಯೋ ಇಲ್ಲವೋ.

ಇವತ್ತು ಶುಕ್ರವಾರ. ಸೋಮವಾರದವರೆಗೆ ಶಾಂತವ್ವ ಆ ತಾಟಿನಲ್ಲೇ ಉಣ್ಣುತ್ತಾಳೆ.